ಮಗಳು ಕಡಲಿಗಿಳಿದು ಸರ್ಫಿಂಗ್ ಕಲಿಯುತ್ತೇನೆ ಎನ್ನುತ್ತಿದ್ದಾಳೆ: ಕೊಡಗಿನ ಹಿರಿಯರು, ಅನುಭವವಿದ್ದವರು ದಯವಿಟ್ಟು ತಿಳಿಸಿ

ಮಡಿಕೇರಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಗಳೂರಿನಲ್ಲಿ ಪದವಿಯ ಎರಡನೇ ವರ್ಷ ಓದುತ್ತಿದ್ದಾಳೆ. ಕಾವೇರಿ ಸಂಕ್ರಮಣಕ್ಕೆ ಊರಿಗೆ ಬಂದಿದ್ದಳು. ತಲಕಾವೇರಿಯಿಂದ ತಂದ ತೀರ್ಥವನ್ನು ಅತ್ತೆಯವರು ಎಲ್ಲರ ಕೈಗೂ ಹಾಕಿ ಮುಗಿಸಿದ ಮೇಲೆ, ಮನೆಯವರೆಲ್ಲ ಒಟ್ಟಿಗೆ ಕುಳಿತಿರುವುದನ್ನು ನೋಡಿಯೇ ಇರಬೇಕು, ಮುಲ್ಕಿಯ ಬಳಿಯ ಸಸಿಹಿತ್ಲು ಕಡಲತೀರದಲ್ಲಿ, ಹಲಗೆಯ ಮೇಲೆ ನಿಂತು ಅಲೆಯೊಡನೆ ಸಾಗುವ ಸರ್ಫಿಂಗ್ ಆಟವನ್ನು ಕಲಿಯಲು ಸೇರಬೇಕೆಂದಿದ್ದೇನೆ, ನಿಮ್ಮೆಲ್ಲರ ಒಪ್ಪಿಗೆ ಬೇಕು ಎಂದು ಕೇಳಿದಳು.

ಅತ್ತೆಯವರು ಒಂದೇ ಮಾತು ಹೇಳಿದರು: ನೀರಿಗೆ ಕೈ ಮುಗಿಯಬೇಕು, ಅದರ ಮೇಲೆ ಹತ್ತಿ ನಿಲ್ಲಬಾರದು. ಭಾವನವರು ಬಿಸಿಲು, ಬಣ್ಣ, ಮುಂದೆ ಮದುವೆಯ ಮಾತು ಬಂದಾಗ ಜನ ಏನೆಂದಾರು ಎಂಬುದನ್ನೆಲ್ಲ ಎತ್ತಿದರು. ನಮ್ಮ ಯಜಮಾನರು ಏನೂ ಹೇಳದೆ ತೋಟಕ್ಕೆ ಹೋದರು. ನನಗೆ ಈಜು ಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಕೆಸರುನೀರು ಮನೆಗಳನ್ನೇ ಹೊತ್ತೊಯ್ದದ್ದನ್ನು ಕಂಡ ಮೇಲೆ, ಜೋರಾಗಿ ಹರಿಯುವ ನೀರಿನ ಸದ್ದು ಕೇಳಿದರೂ ನನಗೆ ನಿದ್ದೆ ಬರುವುದಿಲ್ಲ. ಹಾಗಿರುವಾಗ ನಾನು ಬೇಡವೆಂದರೆ ಅದು ಮಗಳ ಒಳ್ಳೆಯದಕ್ಕೋ, ನನ್ನ ಭಯಕ್ಕೋ ಎಂಬುದು ನನಗೇ ತಿಳಿಯುತ್ತಿಲ್ಲ. ಕರಾವಳಿಯ ಹೆಣ್ಣುಮಕ್ಕಳೇ ಇದನ್ನು ಆಡುತ್ತಾರೆಯೇ, ಅವರ ಮನೆಗಳಲ್ಲಿ ಒಪ್ಪಿದರೇ, ಬೆಟ್ಟದ ಮೇಲಿನ ನಮ್ಮ ಮಕ್ಕಳಿಗೆ ಇದು ಸಾಧ್ಯವೇ ಎಂಬುದನ್ನು ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಗೋಣಿಕೊಪ್ಪದ ನಿವೃತ್ತ ದೈಹಿಕ ಶಿಕ್ಷಕ

ಅಮ್ಮಾ, ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯ ಮೈದಾನದಲ್ಲಿ ಹೆಣ್ಣುಮಕ್ಕಳನ್ನು ಓಡಿಸಿದವನಾಗಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಆಟ ಹೊಸದಲ್ಲ. ಓಟಗಾರ್ತಿ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ನಮ್ಮ ಶಾಲೆಯಲ್ಲಿ ಸಿಹಿ ಹಂಚಿದ್ದೆವು. ಅಶ್ವಿನಿ ಪೊನ್ನಪ್ಪ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದಾಗ, ಜೋಶ್ನಾ ಚಿಣ್ಣಪ್ಪ 2014ರಲ್ಲಿ ಸ್ಕ್ವಾಷ್ ಡಬಲ್ಸ್ ಚಿನ್ನ ತಂದಾಗ ಅವರ ಬಿಸಿಲು, ಬಣ್ಣದ ಮಾತನ್ನು ಇಲ್ಲಿ ಯಾರೂ ಆಡಲಿಲ್ಲ.

ಆದರೆ ಒಂದು ವಿಷಯವನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದ ಮೇಲೆ, ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅಣ್ಣ, ಚಿಕ್ಕಪ್ಪ, ಮಾವಂದಿರ ಜೊತೆ ಒಂದೇ ತಂಡದಲ್ಲಿ ಮೈದಾನಕ್ಕಿಳಿದರು. ಅದೇ ಹುಡುಗಿ ಒಬ್ಬಳೇ ಬೆಂಗಳೂರಿನ ಶಿಬಿರಕ್ಕೆ ಹೋಗುತ್ತೇನೆ ಎಂದಾಗ ಬೇಡವೆಂದಿದ್ದ ಅಜ್ಜಂದಿರು, ಮನೆತನದ ಹೆಸರಿನ ಜೆರ್ಸಿಯಲ್ಲಿ ಅವಳನ್ನು ಕಂಡಾಗ ಗ್ಯಾಲರಿಯಿಂದ ಎದ್ದು ನಿಂತು ಕೂಗಿದ್ದನ್ನು ನಾನು ನೋಡಿದ್ದೇನೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಲ್ಲಿಯೂ ಇದನ್ನೇ ಕಂಡೆ. ಮನೆಯವರ ಕಣ್ಣೆದುರಿಗೆ ನಡೆಯುವ ಆಟಕ್ಕೆ ನಮ್ಮವರು ಬೇಗ ಒಪ್ಪುತ್ತಾರೆ. ಕಣ್ಣಿಗೆ ಕಾಣದ ಕಡೆ ನಡೆಯುವುದಕ್ಕೆ ಒಪ್ಪುವುದಿಲ್ಲ. ನಿಮ್ಮ ಅತ್ತೆಯವರು ಸರ್ಫಿಂಗನ್ನು ಬೇಡವೆನ್ನುತ್ತಿಲ್ಲ ಎಂದು ನನಗೆ ಅನಿಸುತ್ತದೆ. ಅವರು ಅದನ್ನು ನೋಡಿಯೇ ಇಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಮಂಗಳೂರು ಸುಮಾರು 140 ಕಿಲೋಮೀಟರ್, ಅಲ್ಲಿಂದ ಮುಲ್ಕಿ ಮತ್ತೆ 30 ಕಿಲೋಮೀಟರ್. ಅವರನ್ನೂ ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಒಪ್ಪಿಗೆಯ ಮಾತು ಆಮೇಲೆ ಆಡಬಹುದು.

ನಾಪೋಕ್ಲು ಸಮೀಪದ ಕೃಷಿಕ, 71 ವರ್ಷ

ಮೇಷ್ಟ್ರ ಮೇಲಿನ ಗೌರವವನ್ನು ಇಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಹಾಕಿ ಮೈದಾನದಲ್ಲಿ ಬಿದ್ದರೆ ಮೊಣಕಾಲು ತರಚುತ್ತದೆ. ಕಡಲಿನಲ್ಲಿ ಬಿದ್ದರೆ ಮಗುವೇ ಸಿಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಹೊಳೆಗಳಲ್ಲಿ, ಜಲಪಾತಗಳ ಬುಡದಲ್ಲಿ ಪ್ರತಿವರ್ಷ ಹೊರಗಿನಿಂದ ಬಂದ ಮಕ್ಕಳು ಮುಳುಗುವುದನ್ನು ಕಂಡು, ಹೆಣ ತೆಗೆಯಲು ನಾನೂ ಎರಡು ಬಾರಿ ಹಗ್ಗ ಹಿಡಿದು ನಿಂತವನು. ಆ ಹುಡುಗರ ತಂದೆ ದಡದಲ್ಲಿ ಕುಳಿತಿದ್ದ ರೀತಿಯನ್ನು ಮರೆಯಲು ನನ್ನಿಂದ ಆಗಿಲ್ಲ.

ಇನ್ನೊಂದು ಮಾತು. ಕಡಲತೀರ ಎಂದರೆ ಸಾವಿರ ಜನ ಬಂದು ಹೋಗುವ ಜಾಗ. ಒದ್ದೆ ಬಟ್ಟೆಯಲ್ಲಿರುವ ಹೆಣ್ಣುಮಗಳ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ತೆಗೆದು ಎಲ್ಲೆಡೆ ಹಂಚಿದರೆ ಅದನ್ನು ಹಿಂದಕ್ಕೆ ತರುವವರು ಯಾರು? ಇದು ಹೆಣ್ಣುಮಕ್ಕಳ ಮೇಲಿನ ಅಪನಂಬಿಕೆಯಿಂದ ಬಂದ ಮಾತಲ್ಲ. ನನಗೂ ಮೂವರು ಮೊಮ್ಮಕ್ಕಳಿದ್ದಾರೆ, ಮೂವರೂ ಹೆಣ್ಣುಮಕ್ಕಳೇ.

ಕುಶಾಲನಗರದ ಶಿಕ್ಷಕಿ, ತವರು ಮುಲ್ಕಿ ಕಡೆ

ಹಿರಿಯರ ಮಾತಿನ ಹಿಂದಿರುವ ನೋವನ್ನು ನಾನು ಬಲ್ಲೆ. ನನ್ನ ತಂದೆಯ ತಮ್ಮ ನಾಡದೋಣಿಯಲ್ಲಿ ಹೋದವರು ಮರಳಿ ಬರಲಿಲ್ಲ. ನಮ್ಮದು ಮೀನುಗಾರ ಮೊಗವೀರ ಕುಟುಂಬ. ಹನ್ನೆರಡು ವರ್ಷಗಳಿಂದ ನಾನು ಕುಶಾಲನಗರದಲ್ಲಿ ಪಾಠ ಮಾಡುತ್ತಿದ್ದೇನೆ. ಇಲ್ಲಿ ಕೇಳಿರುವ ಪ್ರಶ್ನೆಗೆ ಕಡಲಿನ ಮಗ್ಗುಲಲ್ಲೇ ಹುಟ್ಟಿದ ಹೆಂಗಸರು ಏನು ಹೇಳುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ನನ್ನ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ದೋಣಿ ಬಂದ ಕೂಡಲೇ ಮೀನು ಏಲಂನಲ್ಲಿ ಹಿಡಿದು, ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮಾರುತ್ತಿದ್ದರು. ನಮ್ಮಲ್ಲಿ ಅಳಿಯಕಟ್ಟು, ಬಳಿ ಎಂಬ ವಂಶದ ಹೆಸರು ನಡೆಯುವುದು ತಾಯಿಯ ಕಡೆಯಿಂದ. ಹಣದ ಚೀಲ ಹೆಂಗಸರ ಸೊಂಟದಲ್ಲಿರುತ್ತದೆ, ಮನೆಯ ಸಾಲ ತೀರಿಸುವವರೂ ಅವರೇ. ಗಾಳಿ ತಿರುಗಿದ್ದನ್ನು ಅಂಗಳದಲ್ಲಿ ನಿಂತೇ ಹೇಳುತ್ತಿದ್ದ ನನ್ನ ಅಜ್ಜಿ, ಇವತ್ತು ದೋಣಿ ಇಳಿಸಬೇಡಿ ಎಂದರೆ ಗಂಡಸರು ಎರಡು ಬಾರಿ ಯೋಚಿಸುತ್ತಿದ್ದರು. ಇಷ್ಟೆಲ್ಲ ಇದ್ದೂ ನನ್ನ ತಾಯಿ ತಮ್ಮ ಅರವತ್ತೆಂಟು ವರ್ಷಗಳಲ್ಲಿ ಮೊಣಕಾಲಿಗಿಂತ ಆಳದ ಕಡಲಿಗೆ ಇಳಿದವರಲ್ಲ. ನೂಲ ಹುಣ್ಣಿಮೆಯ ದಿನ ಸಮುದ್ರ ಪೂಜೆಗೆ ಊರಿನ ಗಂಡಸರು ನೀರಿಗಿಳಿದು ಹಾಲೆರೆಯುವಾಗ ನಾವು ದಡದ ಮೇಲೆ ನಿಂತಿರುತ್ತಿದ್ದೆವು. ಕಡಲು ನಮಗೆ ದುಡಿಮೆಯನ್ನು ಕೊಟ್ಟಿತು, ಅಳುವನ್ನು ಕೊಟ್ಟಿತು. ಆಟಕ್ಕಾಗಿ ಅದರೊಳಗೆ ಹೋಗಬಹುದು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ.

ಅಂಥ ಊರಿಗೆ ಸರ್ಫಿಂಗ್ ಬಂದದ್ದು ವಿಚಿತ್ರ ದಾರಿಯಲ್ಲಿ. 2004ರಲ್ಲಿ ಮುಲ್ಕಿಯ ಆಶ್ರಮವೊಂದರ ಸಾಧಕರು ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಬೆಳಗಿನ ಜಪ ಮುಗಿಸಿ ಹಲಗೆ ಹಿಡಿದು ಕಡಲಿಗಿಳಿಯುವವರನ್ನು ನಮ್ಮ ಊರಿನವರು ಮೊದಮೊದಲು ಬೆರಗಿನಿಂದ ನೋಡುತ್ತಿದ್ದರು. ಆಮೇಲೆ ಊರಿನ ಹುಡುಗರು ಕಲಿತರು. ಹುಡುಗಿಯರು ಬಹಳ ತಡವಾಗಿ ಬಂದರು. ಮುಲ್ಕಿಯಲ್ಲೇ ಕಲಿತ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ಭಾರತದ ಪರವಾಗಿ ವಿದೇಶಗಳಲ್ಲಿ ಸ್ಪರ್ಧಿಸಿದರು. ಮಂಗಳೂರಿನ ಸಿಂಚನಾ ಗೌಡ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಾಗ, ಹೆಂಗಸರ ಸ್ಪರ್ಧೆಯನ್ನು ನೋಡಲು ನನ್ನ ತಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ನಿಂತದ್ದನ್ನು ನನ್ನ ತಮ್ಮ ಈಗಲೂ ಹೇಳುತ್ತಾನೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಸೇರಿದಾಗ ಊರಿನವರು ಹೇಳಿದ ಆಕ್ಷೇಪಗಳೂ ನಿಮ್ಮ ಮನೆಯಲ್ಲಿ ಕೇಳಿಬಂದವುಗಳೇ: ಕಪ್ಪಾಗುತ್ತೀಯ, ಗಂಡು ಸಿಗುವುದಿಲ್ಲ, ಗಂಡಸರ ನಡುವೆ ಒದ್ದೆ ಬಟ್ಟೆಯಲ್ಲಿ ಏನು ಕೆಲಸ. ತಲೆಯ ಮೇಲೆ ಬುಟ್ಟಿ ಹೊತ್ತು ದಿನವಿಡೀ ಬಿಸಿಲಿನಲ್ಲಿ ನಡೆದ ತಾಯಂದಿರೇ ಈ ಮಾತನ್ನು ಆಡಿದರು ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ದುಡಿಮೆಗಾಗಿ ಸುಟ್ಟ ಚರ್ಮಕ್ಕೆ ಯಾರೂ ಹೆಸರಿಡುವುದಿಲ್ಲ, ಆಟಕ್ಕಾಗಿ ಸುಟ್ಟ ಚರ್ಮಕ್ಕೆ ಮಾತ್ರ ಹೆಸರಿಡುತ್ತಾರೆ. ಆದ್ದರಿಂದ ಅಕ್ಕ, ಬಿಸಿಲು, ಬಣ್ಣ ಎಂಬುದು ಮೇಲಿನ ಮಾತು. ಹೆಣ್ಣುಮಗಳು ಯಾರಿಗೂ ಉಪಯೋಗವಿಲ್ಲದ ಒಂದು ಗಂಟೆಯನ್ನು, ತನ್ನ ಸಂತೋಷಕ್ಕಾಗಿ, ನಾಲ್ಕು ಜನ ನೋಡುವ ಬಯಲಿನಲ್ಲಿ ಕಳೆಯುತ್ತಾಳೆ ಎಂಬುದನ್ನು ಸಹಿಸಿಕೊಳ್ಳುವುದು ನಮಗೆ ಕಷ್ಟವಾಗುತ್ತದೆ. ನಮ್ಮ ಊರಿನಲ್ಲಿಯೂ ಅದೇ, ನಿಮ್ಮ ಊರಿನಲ್ಲಿಯೂ ಅದೇ ಎಂದು ನಾನು ನಂಬಿದ್ದೇನೆ.

ಬರಪೊಳೆಯ ರ‍್ಯಾಫ್ಟಿಂಗ್ ಕೆಲಸಗಾರ, ಪೊನ್ನಂಪೇಟೆ ಕಡೆ

ಹಿರಿಯರು ಎತ್ತಿದ ಅಪಾಯದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ, ಏಕೆಂದರೆ ಮಳೆಗಾಲದ ನಾಲ್ಕು ತಿಂಗಳು ನಾನು ಜನರನ್ನು ಗಾಳಿ ತುಂಬಿದ ದೋಣಿಯಲ್ಲಿ ಕೂರಿಸಿ ಬರಪೊಳೆ ನದಿಯಲ್ಲಿ ಇಳಿಸುವ ಕೆಲಸ ಮಾಡುತ್ತೇನೆ, ಬೇಸಿಗೆಯಲ್ಲಿ ಕರಾವಳಿಗೆ ಹೋಗಿ ಸರ್ಫಿಂಗ್ ಕಲಿತಿದ್ದೇನೆ.

ಹೊಳೆಯಲ್ಲಿ ಅಲೆ ಒಂದೇ ಕಡೆ ನಿಂತಿರುತ್ತದೆ, ನೀರು ಓಡುತ್ತದೆ. ಕಡಲಿನಲ್ಲಿ ಅಲೆ ಓಡುತ್ತದೆ, ನೀರು ಬಹುಮಟ್ಟಿಗೆ ಇದ್ದಲ್ಲಿಯೇ ಮೇಲೆ ಕೆಳಗೆ ಆಡುತ್ತದೆ. ಎಲ್ಲೋ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಶಕ್ತಿ ದಿನಗಟ್ಟಲೆ ಪಯಣಿಸಿ ನಮ್ಮ ದಡಕ್ಕೆ ಬರುತ್ತದೆ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳದ ಜಾಗಕ್ಕೆ ಬಂದಾಗ ಅದರ ಬುಡಕ್ಕೆ ತಡೆ ಸಿಕ್ಕಿ, ತಲೆ ಮುಂದಕ್ಕೆ ಬಾಗಿ ಮುರಿಯುತ್ತದೆ. ಹೊಸಬರಿಗೆ ಹೇಳಿಕೊಡುವುದು ಹಾಗೆ ಮುರಿದ ಮೇಲೆ ದಡದ ಕಡೆಗೆ ಬರುವ ಬಿಳಿ ನೊರೆಯಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ. ಅವರಿಗೆ ಕೊಡುವ ಬೋರ್ಡು ಎಂಟು ಒಂಬತ್ತು ಅಡಿ ಉದ್ದದ ಮೆತ್ತನೆಯ ಫೋಮಿನದು. ಅದಕ್ಕೊಂದು ಹಗ್ಗವಿದ್ದು ಕಾಲಿನ ಮಣಿಕಟ್ಟಿಗೆ ಕಟ್ಟಿರುತ್ತಾರೆ. ಬಿದ್ದರೂ ತೇಲುವ ವಸ್ತು ಕಾಲಿಗೇ ಅಂಟಿಕೊಂಡಿರುತ್ತದೆ ಎಂಬುದು ಹಿರಿಯರಿಗೆ ಸ್ವಲ್ಪ ಧೈರ್ಯ ಕೊಡಬಹುದು. ಆದರೆ ಹಗ್ಗ ಹರಿಯುವುದೂ ಉಂಟು, ಆದ್ದರಿಂದ ಈಜು ಬಾರದವರು ಬೋರ್ಡನ್ನು ನಂಬಿ ಆಳಕ್ಕೆ ಹೋಗಕೂಡದು.

ಕಡಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಅಲೆಯಿಂದಲ್ಲ, ಸೆಳೆತದಿಂದ. ದಡಕ್ಕೆ ಬಂದು ಬಿದ್ದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಎರಡು ಮರಳುದಿಬ್ಬಗಳ ನಡುವಿನ ತಗ್ಗನ್ನು ಹಿಡಿದು ಹೊಳೆಯಂತೆ ಒಳಗೆ ಹರಿಯುತ್ತದೆ. ನೋಡುವವರಿಗೆ ಅಲ್ಲಿ ಅಲೆ ಕಡಿಮೆ, ನೀರು ಶಾಂತ, ಇಳಿಯಲು ಅದೇ ಒಳ್ಳೆಯ ಜಾಗ ಎಂದು ಕಾಣುತ್ತದೆ. ಸಿಕ್ಕಿಕೊಂಡವರು ಹೆದರಿ ನೇರವಾಗಿ ದಡದ ಕಡೆಗೇ ಈಜಿ ದಣಿದು ಮುಳುಗುತ್ತಾರೆ. ಸೆಳೆತಕ್ಕೆ ಎದುರಾಗದೆ ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಹೋಗಿ, ಆಮೇಲೆ ಅಲೆ ಮುರಿಯುವ ಕಡೆಯಿಂದ ಹೊರಬರಬೇಕು. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲಿಗೆ ಸೇರುವುದರಿಂದ ಅಳಿವೆಯ ಸುತ್ತ ಮರಳುದಿಬ್ಬಗಳು ಮಳೆಗಾಲ ಕಳೆದಂತೆಲ್ಲ ಜಾಗ ಬದಲಿಸುತ್ತವೆ; ಹೋದ ವರ್ಷ ಕಂಡದ್ದು ಈ ವರ್ಷ ಇರುವುದಿಲ್ಲ. ಸ್ಥಳೀಯರನ್ನು ಕೇಳದೆ ಇಳಿಯಬಾರದು ಎನ್ನುವುದು ಇದಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲಿಯುವವರು ಅತ್ತ ತಲೆ ಹಾಕುವುದೇ ಬೇಡ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ.

ಒಂದು ಮಾತು ಸೇರಿಸುತ್ತೇನೆ. ಕಡಲು ನಮಗೆ ಪರಕೀಯವೆಂದು ಕೊಡಗಿನವರು ಭಾವಿಸಬೇಕಾಗಿಲ್ಲ. ಕಾವೇರಿ ಮೂಡಣಕ್ಕೆ ಹೋದಳು, ನಿಜ. ಆದರೆ ಬರಪೊಳೆಯ ನೀರು ಕೇರಳಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತದೆ, ಪಯಸ್ವಿನಿ ಸುಳ್ಯದ ಮೇಲೆ ಹಾದು ಕಾಸರಗೋಡಿನ ಬಳಿ ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲೇ ಕಡಲಿಗೆ ಬೀಳುತ್ತದೆ.

ಮಡಿಕೇರಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಸೆಳೆತದ ವಿವರವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಎರಡು ಬಾರಿ ಓದಿಸಿದರು. ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ಕೊಳದಲ್ಲಿ ಈಜು ಕಲಿಯಲು ಹಾಕಿದ್ದೆವು. ಅಲ್ಲಿ ಹೇಳಿಕೊಡುವವರು ಹೆದರಿದ ಮಗುವನ್ನು ಆಳದ ಕಡೆ ತಳ್ಳಿಬಿಟ್ಟಿದ್ದರಿಂದ ಅವಳು ಮೂರನೇ ದಿನವೇ ಬಿಟ್ಟಳು. ಈಗ ಮಂಗಳೂರಿನಲ್ಲಿ ಒಬ್ಬ ಮಹಿಳಾ ತರಬೇತುದಾರರ ಬಳಿ ಮತ್ತೆ ಆರಂಭಿಸಿದ್ದಾಳೆ ಎಂಬುದು ನನಗೆ ನಿನ್ನೆಯಷ್ಟೇ ತಿಳಿಯಿತು. ಹೇಳದೆ ಕಲಿಯುತ್ತಿದ್ದಳು ಎಂಬ ಬೇಸರ ಒಂದು ಕಡೆ, ಕಲಿಯುತ್ತಿದ್ದಾಳಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಬಟ್ಟೆ, ಮೊಬೈಲಿನ ವಿಷಯದಲ್ಲಿ ಹಿರಿಯರು ಹೇಳಿದ್ದು ನನಗೂ ಚಿಂತೆಯೇ. ಹೆಣ್ಣುಮಕ್ಕಳು ಅಲ್ಲಿ ನಿಜವಾಗಿ ಏನು ಧರಿಸುತ್ತಾರೆ, ತಿಂಗಳಿನ ದಿನಗಳಲ್ಲಿ ಏನು ಮಾಡುತ್ತಾರೆ ಎಂಬುದನ್ನು ಯಾರಾದರೂ ಸಂಕೋಚವಿಲ್ಲದೆ ತಿಳಿಸುವಿರಾ?

ವಿರಾಜಪೇಟೆಯ ಶುಶ್ರೂಷಕಿ

ತಿಂಗಳಿನ ದಿನಗಳಲ್ಲಿ ಈಜಬಾರದು ಎಂಬುದಕ್ಕೆ ವೈದ್ಯಕೀಯ ಕಾರಣವಿಲ್ಲ. ಪ್ಯಾಡ್ ನೀರು ಹೀರಿಕೊಂಡು ಭಾರವಾಗುವುದರಿಂದ ಅದು ಉಪಯೋಗಕ್ಕೆ ಬಾರದು. ಮುಟ್ಟಿನ ಕಪ್ ಅಥವಾ ಟ್ಯಾಂಪನ್ ಬಳಸಬಹುದು. ಬೇಡವೆನಿಸಿದರೆ ಆ ಎರಡು ಮೂರು ದಿನ ವಿಶ್ರಾಂತಿ ಪಡೆದರೂ ನಷ್ಟವಿಲ್ಲ. ಬಿಸಿಲಿನ ವಿಷಯದಲ್ಲಿ ಬಣ್ಣಕ್ಕಿಂತ ಚರ್ಮ ಸುಡುವುದೇ ಮುಖ್ಯ ತೊಂದರೆ. ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸುವುದು, ಮೂಗು ಕೆನ್ನೆಗೆ ಜಿಂಕ್ ಇರುವ ಮುಲಾಮು ಹಚ್ಚುವುದು ಒಳ್ಳೆಯದು. ನೀರಿನಲ್ಲಿದ್ದರೂ ದೇಹ ಬೆವರುತ್ತದೆ, ಆದ್ದರಿಂದ ಕುಡಿಯುವ ನೀರು ಜೊತೆಯಲ್ಲಿರಲಿ.

ಸೋಮವಾರಪೇಟೆಯ ಯುವತಿ

ಅಕ್ಕ, ನಾನು ಮಣಿಪಾಲದಲ್ಲಿ ಓದುತ್ತಿದ್ದಾಗ ಕೋಡಿ ಬೆಂಗ್ರೆಯಲ್ಲಿ ಕಲಿತವಳು. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಕಿರಿದಾದ ನೆಲ. ಅಲ್ಲಿ ಮೀನುಗಾರರ ಮನೆಗಳು. ಮುಂಬೈಯಿಂದ ಮಣಿಪಾಲಕ್ಕೆ ಓದಲು ಬಂದ ಇಶಿತಾ ಮಾಳವೀಯ ಅವರು ಗೆಳೆಯರೊಡನೆ 2007ರಲ್ಲಿ ಅಲ್ಲಿ ಶಾಕಾ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಗುರುತಿಸುವುದು ಅವರನ್ನೇ.

ನಾನು ಧರಿಸುತ್ತಿದ್ದದ್ದು ತುಂಬುತೋಳಿನ ಬಿಗಿಯಾದ ಅಂಗಿ, ಅದಕ್ಕೆ ರ‍್ಯಾಶ್ ಗಾರ್ಡ್ ಎನ್ನುತ್ತಾರೆ, ಮತ್ತು ಪಾದದವರೆಗಿನ ಲೆಗ್ಗಿಂಗ್ಸ್, ಅದರ ಮೇಲೊಂದು ಚಡ್ಡಿ. ಮರ್ಯಾದೆಗಾಗಿ ಮಾತ್ರವಲ್ಲ, ಬೋರ್ಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೈಯಿಂದ ನೀರು ತಳ್ಳುವಾಗ ಎದೆ, ಮೊಣಕಾಲು ಉಜ್ಜಿ ಉಜ್ಜಿ ಗಾಯವಾಗುವುದರಿಂದ ಎಲ್ಲರೂ ಹಾಗೆಯೇ ಧರಿಸುತ್ತಾರೆ. ನಮ್ಮ ತಾಯಿಯ ಒತ್ತಾಯಕ್ಕೆ ಮೊದಲ ದಿನ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋಗಿದ್ದೆ. ಅದು ಕೂದಲಿನಿಂದ ಇಳಿದು ಬೋರ್ಡಿನ ಮೇಲೆಲ್ಲ ಹರಡಿ, ಕೈಯೂರಿದಲ್ಲೆಲ್ಲ ಜಾರತೊಡಗಿತು. ಹೇಳಿಕೊಡುತ್ತಿದ್ದವರು ಬೇಸರಿಸದೆ ಬೋರ್ಡನ್ನು ದಡಕ್ಕೆ ತಂದು ಹಿಡಿ ಹಿಡಿ ಒದ್ದೆ ಮರಳಿನಿಂದ ಉಜ್ಜಿ ತೊಳೆದರು.

ಆ ದಿನ ಮೊದಲ ಮುಕ್ಕಾಲು ಗಂಟೆ ನೀರನ್ನೇ ಮುಟ್ಟಲಿಲ್ಲ. ಮರಳಿನ ಮೇಲೆ ಬೆರಳಿನಿಂದ ಬೋರ್ಡಿನ ಆಕಾರ ಗೀಚಿ, ಅದರ ಮೇಲೆ ಮಲಗಿ, ಪಕ್ಕೆಲುಬಿನ ಹತ್ತಿರ ಅಂಗೈ ಊರಿ, ಒಂದೇ ನೆಗೆತಕ್ಕೆ ಎರಡೂ ಪಾದಗಳನ್ನು ಅಡಿಗೆ ತಂದು ಏಳುವುದನ್ನು ನಲವತ್ತು ಐವತ್ತು ಬಾರಿ ಮಾಡಿಸಿದರು. ನೀರಿಗಿಳಿದ ಮೇಲೆ ಏಳೆಂಟು ಬಾರಿ ಬಿದ್ದೆ. ಬೀಳುವಾಗ ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು, ತಲೆ ಅಡಿಯಾಗಿ ಧುಮುಕಬಾರದು, ಏಕೆಂದರೆ ಬೋರ್ಡು ಎಲ್ಲಿದೆಯೆಂದು ನೀರಿನೊಳಗೆ ಕಾಣುವುದಿಲ್ಲ. ಹಿಂದಿನಿಂದ ನೊರೆ ಬಂದು ಬೋರ್ಡನ್ನು ಎತ್ತಿಕೊಂಡಾಗ ಪಾದಗಳ ಅಡಿಯಲ್ಲಿ ಒಂದು ನಡುಕ ಏಳುತ್ತದೆ. ಆ ನಡುಕ ಬಂದ ಕ್ಷಣದಲ್ಲಿ ಕೆಳಗೆ ನೋಡದೆ ದಡದ ತೆಂಗಿನ ಮರಗಳನ್ನು ನೋಡುತ್ತ ಎದ್ದರೆ ನಿಲ್ಲಬಹುದು. ನಾನು ಮೂರು ಎಣಿಸುವಷ್ಟು ಹೊತ್ತು ನಿಂತೆ. ಆ ರಾತ್ರಿ ಹಾಸ್ಟೆಲಿನಲ್ಲಿ ಕಣ್ಣು ಮುಚ್ಚಿದರೂ ಮಂಚ ತೇಲುತ್ತಿರುವಂತೆ ಅನಿಸುತ್ತಿತ್ತು.

ಚಿತ್ರ ತೆಗೆಯುವವರ ತೊಂದರೆ ಇದ್ದದ್ದು ನಿಜ. ಹಿರಿಯರು ಅದನ್ನು ಕಲ್ಪಿಸಿಕೊಂಡು ಹೇಳಲಿಲ್ಲ. ಒಮ್ಮೆ ನಾಲ್ವರು ಪ್ರವಾಸಿ ಯುವಕರು ಮೊಬೈಲು ಹಿಡಿದು ನಿಂತಾಗ, ಬಲೆ ಬಿಡಿಸುತ್ತ ಕುಳಿತಿದ್ದ ಆ ಊರಿನ ಹಿರಿಯರೊಬ್ಬರು ಎದ್ದು ಹೋಗಿ, ಇವರು ನಮ್ಮ ಊರಿನ ಮಕ್ಕಳು, ಅಳಿಸಿ ಎಂದು ನಿಂತು ಅಳಿಸಿಸಿದರು. ಆ ಊರಿನವರು ನಮ್ಮನ್ನು ತಮ್ಮವರೆಂದು ಕಂಡ ಮೇಲೆ ನನಗೆ ಅಂಜಿಕೆ ಉಳಿಯಲಿಲ್ಲ. ಆದ್ದರಿಂದ ಕಲಿಯಲು ಹೋದವರು ಬೋರ್ಡಿನವರನ್ನು ಮಾತ್ರ ಪರಿಚಯ ಮಾಡಿಕೊಂಡರೆ ಸಾಲದು. ದಡದ ಮನೆಗಳವರನ್ನು, ಮೀನು ಮಾರುವ ತಾಯಂದಿರನ್ನು ಮಾತಾಡಿಸಬೇಕು.

ನಾಪೋಕ್ಲು ಸಮೀಪದ ಕೃಷಿಕ, 71 ವರ್ಷ

ಸೆಳೆತದ ವಿಷಯವನ್ನು ಬರೆದ ತಮ್ಮನ ಮಾತು ಸರಿಯಾಗಿದೆ. ನಾನು ಹಗ್ಗ ಹಿಡಿದು ನಿಂತ ಎರಡೂ ಬಾರಿ ಮುಳುಗಿದವರು ಈಜು ಬಾರದವರೇ; ನೀರನ್ನು ಯಾರಿಂದಲೂ ಕಲಿತವರಲ್ಲ. ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ಉಳಿಯುತ್ತಾರೆ ಎಂದು ನಾವು ನಂಬಿ ಬೆಳೆಸಿದೆವು, ಆದರೆ ನೀರು ಎಲ್ಲಿ ತಾನೇ ದೂರವಿದೆ? ಗದ್ದೆಯ ಪಕ್ಕದಲ್ಲೇ ಕೆರೆ, ತೋಟದ ಕೆಳಗೇ ತೋಡು. ನನ್ನ ಮೊಮ್ಮಕ್ಕಳಿಗೆ ಈಜು ಕಲಿಸಬೇಕೆಂದು ಮಗನಿಗೆ ಹೇಳಿದ್ದೇನೆ. ಕಡಲಿನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಒಪ್ಪಿದೆನೆಂದು ಬರೆದರೆ ಸುಳ್ಳಾಗುತ್ತದೆ.

ಕುಶಾಲನಗರದ ಶಿಕ್ಷಕಿ, ತವರು ಮುಲ್ಕಿ ಕಡೆ

ಹಿರಿಯರ ಪ್ರಾಮಾಣಿಕತೆಗೆ ನಮಸ್ಕಾರ. ನನ್ನ ಮನಸ್ಸನ್ನು ಕೊರೆಯುವ ಒಂದು ವಿಷಯವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನಗರದಿಂದ ಹಣ ಕೊಟ್ಟು ಕಲಿಯಲು ಬರುವ ಹುಡುಗಿಯರ ಸಂಖ್ಯೆ ಹೆಚ್ಚುತ್ತಿದೆ, ಆದರೆ ದಡದ ಮನೆಗಳ ಹುಡುಗಿಯರು ಇನ್ನೂ ಕೆಲವರೇ. ಬೆಳಿಗ್ಗೆ ಅಲೆ ಚೆನ್ನಾಗಿರುವ ಹೊತ್ತಿಗೇ ಅವರಿಗೆ ನೀರು ತರುವ, ತಮ್ಮಂದಿರನ್ನು ಶಾಲೆಗೆ ಹೊರಡಿಸುವ ಕೆಲಸ ಇರುತ್ತದೆ. ಒಳ್ಳೆಯ ಬೋರ್ಡಿನ ಬೆಲೆ ಮೀನು ಮಾರುವ ಮನೆಗೆ ಎಟುಕುವುದಲ್ಲ.

ಆದರೂ ಆಗದ ಕೆಲಸವಲ್ಲ. ತಮಿಳುನಾಡಿನ ಮಾಮಲ್ಲಪುರದ ಮೀನುಗಾರ ಬೀದಿಯಲ್ಲಿ ಬೆಳೆದ ಕಮಲಿ ಮೂರ್ತಿ ಇಂದು ದೇಶದ ಮುಂಚೂಣಿಯ ಸರ್ಫರುಗಳಲ್ಲಿ ಒಬ್ಬಳು. ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಂ ಕೊಲ್ಲಿಯಲ್ಲಿ 2018ರಲ್ಲಿ ಹೆಂಗಸರೇ ಕೂಡಿ ತಮ್ಮದೇ ಸರ್ಫ್ ಕ್ಲಬ್ ಕಟ್ಟಿದರು, ಆ ದೇಶಕ್ಕೆ ಅದೇ ಮೊದಲನೆಯದು. ಮದುವೆಯಾಗಿ ಮಕ್ಕಳಿರುವ ತಾಯಂದಿರೂ ಅದರಲ್ಲಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ, ಈ ಆಟದ ತವರಾದ ಹವಾಯಿಯಲ್ಲಿ ಹೆಂಗಸರು ಗಂಡಸರ ಸಮಕ್ಕೆ ಅಲೆ ಏರುತ್ತಿದ್ದರು. ಹೊರಗಿನಿಂದ ಬಂದ ಧರ್ಮಪ್ರಚಾರಕರ ಒತ್ತಡದಿಂದ 19ನೇ ಶತಮಾನದಲ್ಲಿ ಅದು ಕುಗ್ಗಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿದಾಗ 20 ಗಂಡಸರು, 20 ಹೆಂಗಸರು ಸ್ಪರ್ಧಿಸಿದರು. ಹೆಂಗಸರ ಚಿನ್ನ ಗೆದ್ದ ಕರಿಸ್ಸಾ ಮೂರ್ ಹವಾಯಿಯವಳೇ.

ಅಕ್ಕ, ನಿಮ್ಮ ಮಗಳು ಕಲಿತ ಮೇಲೆ, ವಾರಕ್ಕೊಮ್ಮೆ ಒಬ್ಬ ಊರಿನ ಹುಡುಗಿಗೆ ತನ್ನ ಬೋರ್ಡನ್ನು ಅರ್ಧ ಗಂಟೆ ಬಿಟ್ಟುಕೊಡಲು ಹೇಳಿ. ನನ್ನ ತಮ್ಮನ ಮಗಳು ಹನ್ನೊಂದು ವರ್ಷದವಳು, ದಿನವೂ ದಡದಲ್ಲಿ ನಿಂತು ನೋಡುತ್ತಾಳೆ.

ಮಡಿಕೇರಿಯ ತಾಯಿ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕಾಫಿ ಕೊಯ್ಲು ಜೋರಾಗುವ ಮೊದಲು, ಹೋದ ಶನಿವಾರ ರಾತ್ರಿ ಮಂಗಳೂರಿನ ನೆಂಟರ ಮನೆಯಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಆರೂವರೆಗೆ ಸಸಿಹಿತ್ಲು ತಲುಪಿದೆವು. ಯಜಮಾನರು, ನಾನು, ಮತ್ತು ಯಾರೂ ಕರೆಯದೆಯೇ ಕಾರಿನಲ್ಲಿ ಬಂದು ಕುಳಿತ ಅತ್ತೆಯವರು. ಮಗಳು ಅಷ್ಟರಲ್ಲಿ ಕೊಳದಲ್ಲಿ ನಿಲ್ಲದೆ 200 ಮೀಟರ್ ಈಜುವಷ್ಟು ಕಲಿತಿದ್ದಳು. ಅದಕ್ಕಿಂತ ಕಡಿಮೆಯಾದರೆ ಹೆಸರು ಕೊಡುವಂತಿಲ್ಲ ಎಂದು ಯಜಮಾನರು ಷರತ್ತು ಹಾಕಿದ್ದರು.

ಕುಶಾಲನಗರದ ಶಿಕ್ಷಕಿಯವರ ತಾಯಿ ನಮಗಾಗಿ ದಡಕ್ಕೆ ಬಂದಿದ್ದರು. ಅವರು ತುಳು, ನಮ್ಮತ್ತೆ ಕೊಡವ ತಕ್ಕ್. ಇಬ್ಬರೂ ಮುರುಕು ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡಿದರು. ಸೆಳೆತ ಎಲ್ಲಿದೆಯೆಂದು ಆ ತಾಯಿ ಕೈ ತೋರಿಸಿದ ಜಾಗವನ್ನೇ, ಸ್ವಲ್ಪ ಹೊತ್ತಿನ ಮೇಲೆ ತರಬೇತುದಾರರೂ ತೋರಿಸಿ ಅತ್ತ ಹೋಗಬೇಡಿ ಎಂದರು. ಕಡಲಿಗೆ ಎಂದೂ ಇಳಿಯದವರು ಇಷ್ಟನ್ನು ಹೇಗೆ ಬಲ್ಲರು ಎಂದು ಯಜಮಾನರು ದಾರಿಯುದ್ದಕ್ಕೂ ಕೇಳುತ್ತಿದ್ದರು.

ಮಗಳು ಬಹಳ ಬಾರಿ ಬಿದ್ದಳು, ಎರಡು ಬಾರಿ ಎದ್ದು ನಿಂತಳು. ಆ ಹನ್ನೊಂದರ ಹುಡುಗಿ ಬೋರ್ಡನ್ನು ಕೇಳಿ ಪಡೆದು, ಮಲಗಿಕೊಂಡೇ ದಡದವರೆಗೆ ಬಂದಳು. ನೀರಿನ ಮೇಲೆ ಹತ್ತಿ ನಿಲ್ಲಬಾರದೆಂಬ ತಮ್ಮ ಮಾತನ್ನು ಅತ್ತೆಯವರು ಹಿಂದಕ್ಕೆ ತೆಗೆದುಕೊಂಡಿಲ್ಲ. ಕಾರಿನಿಂದಿಳಿದೊಡನೆ ಕಡಲಿನ ನೀರನ್ನು ಬೊಗಸೆಯಲ್ಲಿ ತೆಗೆದು ಮಗಳ ತಲೆಗೆ ಪ್ರೋಕ್ಷಿಸಿ, ಆಮೇಲೆ ಹೋಗು ಎಂದರು. ಅವರ ದೂರು ಒಂದೇ: ಮಗಳು ಹಾಕಿದ್ದ ಕಡುನೀಲಿ ಅಂಗಿ ಕಡಲಿನ ಬಣ್ಣದಲ್ಲೇ ಸೇರಿಹೋಗಿ, ಅಷ್ಟು ತಲೆಗಳ ನಡುವೆ ಯಾವುದು ನಮ್ಮ ಮಗುವೆಂದು ಅವರಿಗೆ ಗುರುತು ಹತ್ತಲಿಲ್ಲ. ಮುಂದಿನ ಸಲಕ್ಕೆ ದೂರದಿಂದಲೂ ಕಾಣುವ ಕಿತ್ತಳೆ ಬಣ್ಣದ್ದೇ ಆಗಬೇಕು ಎಂದು ಹಣವನ್ನೂ ಕೊಟ್ಟಿದ್ದಾರೆ. ತುಂಬುತೋಳಿನ, ಮಧ್ಯಮ ಅಳತೆಯ ಕಿತ್ತಳೆ ರ‍್ಯಾಶ್ ಗಾರ್ಡ್ ಮಡಿಕೇರಿಯಲ್ಲಾಗಲಿ ಕುಶಾಲನಗರದಲ್ಲಾಗಲಿ ಸಿಗುತ್ತದೆಯೇ, ಇಲ್ಲವೇ ಮಂಗಳೂರಿನಿಂದಲೇ ತರಿಸಬೇಕೇ? ತಿಳಿದವರು ದಯವಿಟ್ಟು ಹೇಳಿ, ಹುತ್ತರಿ ಹಬ್ಬದೊಳಗೆ ಬೇಕಾಗಿದೆ.